ನತ್ತೆನ್ಯಾಯದ ಕೆರೆ

ಮೂಡಲಹಟ್ಟಿ ಮತ್ತು ಪಡುವಲಹಟ್ಟಿಗಳ ನಡುವೆ, ಎರಡು ಬೋಳುಗುಡ್ಡಗಳ ಸಂದಿನಲ್ಲಿರುವ ಕೆರೆಗೆ ನತ್ತೆನ್ಯಾಯದ ಕೆರೆ ಎಂದು ಹೆಸರು. ನತ್ತೆ ಎಂದರೆ ನೀರಿನ ಬಸವನಹುಳು. ಇಲ್ಲಿದ್ದದ್ದು ಬೇರೆ ಯಾವ ಕೆರೆಯಲ್ಲೂ ಕಾಣದ ಜಾತಿ. ಹುಣಸೆಬೀಜದಷ್ಟು ಗಾತ್ರ, ಬೆನ್ನಿಗೊಂದು ಕೆಂಪು ಗೆರೆ. ನಮ್ಮ ತಾತಂದಿರ ಕಾಲದಲ್ಲಿ ಕೆರೆ ಒಮ್ಮೆ ಪೂರ್ತಿ ಒಣಗಿತು; ಮರುಮಳೆಗೆ ನೀರು ತುಂಬಿದರೂ ಅದನ್ನು ಜೀವಂತ ಕಂಡವರಿಲ್ಲ. ಹೆಸರು ಮಾತ್ರ ಉಳಿದಿದೆ.

ಹಿಂದೆ ಒಮ್ಮೆ, ಹಂಪನಾಯಕನೆಂಬ ಪಾಳೆಯಗಾರನ ಕಾಲದಲ್ಲಿ, ಬೇಸಿಗೆಗೆ ಕೆರೆ ಮೊಣಕಾಲುದ್ದಕ್ಕೆ ಇಳಿಯಿತಂತೆ. ಉಳಿದ ನೀರು ತಮ್ಮದೆಂದು ಎರಡು ಹಟ್ಟಿಗಳವರೂ ದೊಣ್ಣೆ ಹಿಡಿದು ದಂಡೆಗಿಳಿದರು. ಒಬ್ಬನ ತಲೆಯೂ ಒಡೆಯಿತು. ನಾಯಕ ಕುದುರೆಯೇರಿ ಬಂದು, ಎರಡೂ ಕಡೆಯ ಓಟಗಾರರು ಓಡಲಿ, ಗೆದ್ದವರಿಗೆ ಕೆರೆ ಎಂದ. ಸೋತವರು ಊರು ಬಿಟ್ಟು ಗುಳೆ ಹೋಗುವುದೇ ಸರಿ. ಆಗ ಸೂಲಗಿತ್ತಿ ಬೋರಕ್ಕ ಮುಂದೆ ಬಂದಳು. ಎರಡೂ ಹಟ್ಟಿಗಳ ಕೂಸುಗಳು ಕಣ್ಣುಬಿಟ್ಟದ್ದು ಅವಳ ಕೈಯಲ್ಲಿ. ಅವಳಿಗೆ ಎದುರಾಡುವವರು ಅಲ್ಲಿರಲಿಲ್ಲ. "ದೊರೆ, ಕೆರೆ ಯಾರದು ಅಂತ ಕೆರೆಯಾಗೆ ಹುಟ್ಟಿದ್ದನ್ನೇ ಕೇಳಾನ" ಎಂದು ಒಂದು ನತ್ತೆಯನ್ನು ನೀರಿನ ನಡುವಿನ ಬಂಡೆಯ ಮೇಲಿಟ್ಟಳು. "ಇದು ಯಾವ ಕಡೆ ಹೋಗತೈತೋ ಆ ಹಟ್ಟಿಗೇ ನೀರು. ಅಲ್ಲೀತನಕ ಯಾರೂ ದಂಡೆ ಬಿಡಬ್ಯಾಡ್ರಿ."

ನಾಯಕ ನಕ್ಕು ಒಪ್ಪಿದ. ನತ್ತೆಯೋ, ಚಿಪ್ಪಿನೊಳಗೆ ಸೇರಿಕೊಂಡದ್ದು ಹೊರಗೇ ಬರಲೊಲ್ಲದು. ಬಿಸಿಲೇರಿತು. ಮನೆಗೆ ಯಾರೂ ಬಾರದಿರಲು ಹೆಂಗಸರು ದಂಡೆಗೇ ಅಡುಗೆ ಹೊತ್ತು ತಂದರು. ಒಂದು ಹಟ್ಟಿಯ ಮುದ್ದೆಗೆ ಇನ್ನೊಂದು ಹಟ್ಟಿಯ ಸೊಪ್ಪಿನ ಸಾರು ಬಿತ್ತು. ತಲೆ ಒಡೆಸಿಕೊಂಡವನಿಗೆ ಒಡೆದವನೇ ಮಜ್ಜಿಗೆ ಕೊಟ್ಟ. ನಾಯಕನಂತೂ ಹೊಂಗೆಯ ನೆರಳಿನಲ್ಲಿ ಗೊರಕೆ ಹೊಡೆದನೆನ್ನುತ್ತಾರೆ. ಹೊತ್ತು ಇಳಿಯುವಾಗ ನತ್ತೆ ಮೆಲ್ಲನೆ ಕೊಂಬು ಚಾಚಿತು. ಎಲ್ಲರೂ ಉಸಿರು ಬಿಗಿಹಿಡಿದರು. ಅದು ಮೂಡಲಿಗೆ ಹೊರಳಿತು, ಪಡುವಲಿಗೆ ಹೊರಳಿತು, ಕೊನೆಗೆ ಬಂಡೆಯಂಚಿಗೆ ಬಂದು ಪುಳಕ್ಕನೆ ನೀರಿಗೆ ಬಿದ್ದುಬಿಟ್ಟಿತು.

"ಏನಜ್ಜಿ ಇದರ ತೀರ್ಪು?" ಎಂದ ನಾಯಕ, ಕಣ್ಣುಜ್ಜಿಕೊಳ್ಳುತ್ತ. "ನೀರು ನೀರಿನಾಗಿರೋರದು ಅಂತೈತೆ, ದೊರೆ. ನಾವೆಲ್ಲ ಬೇಡಿ ಕುಡಿಯೋರು." ಬೇಡುವವರಲ್ಲಿ ಹೆಚ್ಚುಕಡಿಮೆ ಏನೆಂದು ನಾಯಕ ದಿನಕ್ಕೊಂದು ಹಟ್ಟಿಯಂತೆ ನೀರಿನ ಸರದಿ ಕಟ್ಟಿಸಿದ. ಆ ಸರದಿ ಇಂದಿಗೂ ತಪ್ಪಿಲ್ಲ.

ಈಗ ಹೋದವರಿಗೆ ಬಂಡೆ ಕಾಣುತ್ತದೆ. ದಂಡೆಯ ಕೆಸರು ಕೆದಕಿದರೆ ಕೆಂಪು ಗೆರೆಯ ಖಾಲಿ ಚಿಪ್ಪುಗಳೂ ಸಿಗುತ್ತವೆ. ಹೋದ ವರ್ಷ ಪಟ್ಟಣದ ಸಂಶೋಧಕರು ಬಂದು ಜರಡಿಯಲ್ಲಿ ಕೆಸರು ಸೋಸಿದರು. ಜೀವವಿರುವ ಒಂದೂ ಸಿಗದೆ, ಈ ಜಾತಿ ಇನ್ನಿಲ್ಲವೆಂದು ಬೇಸರಪಟ್ಟರು. ಬಟ್ಟೆ ಒಗೆಯುತ್ತಿದ್ದ ಕೆಂಚಮ್ಮಜ್ಜಿ ತಲೆ ಎತ್ತಿ ಅಂದಳು: "ಇಲ್ಲ ಅನ್ನಬ್ಯಾಡ್ರಿ ಸ್ವಾಮಿ. ಬರ್ತಿರಬೇಕು. ಅದರ ನಡಿಗೆ ನಿಮಗೆ ಗೊತ್ತಿಲ್ಲ."