ಸಿಲಿಂಡರೂ ಒದ್ದೆ ಗೋಣಿಯೂ

ರೇಸ್ ಕಾರೊಂದರ ಡಿಕ್ಕಿಯಲ್ಲಿ ನೈಟ್ರಸ್ ಗ್ಯಾಸ್ ತುಂಬಿದ ನೀಲಿ ಸಿಲಿಂಡರೊಂದಿತ್ತು. ಓಟದಲ್ಲಿ ಕಾರಿಗೆ ಹೆಚ್ಚಿನ ವೇಗ ಕೊಡುವುದು ಅದರ ಕೆಲಸ. ಜಂಬವೂ ಅದಕ್ಕೆ ತಕ್ಕಷ್ಟೇ ಇತ್ತು. ಸುಡುಬೇಸಿಗೆಯಾದ್ದರಿಂದ ಮೆಕ್ಯಾನಿಕ್ ಮೋನಪ್ಪ ಅದಕ್ಕೊಂದು ಒದ್ದೆ ಗೋಣಿ ಹೊದಿಸಿದ್ದ.

"ಜನ ನನ್ನನ್ನು ನೋಡಲು ಬರುವ ಹೊತ್ತು. ಈ ಹರಕು ವೇಷದಲ್ಲಿ ಮಾನ ಹೋಗುತ್ತಿದೆ, ಇಳಿ ಕೆಳಗೆ!" ಎಂದಿತು ಸಿಲಿಂಡರು.

"ಬಿಸಿಲು ಜೋರಾಗಿದೆ ಮಾರಾಯ, ಸ್ವಲ್ಪ ತಡೆದುಕೋ," ಎಂದಿತು ಗೋಣಿ.

"ಬಿಸಿಯಾದಷ್ಟೂ ನನ್ನ ಬಲ ಹೆಚ್ಚುತ್ತದೆ, ಗೊತ್ತೇನು?"

ಗೋಣಿ ಜಾರಿ ಇಳಿಯಿತು. ಅರ್ಧ ಗಂಟೆಯೊಳಗೆ ಸಿಲಿಂಡರಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತು.

"ಅಯ್ಯೋ, ಒಡೆದೇ ಹೋಗುತ್ತೇನೆ! ಎಲ್ಲಿದ್ದೀಯಾ?" ಎಂದು ಸಿಲಿಂಡರು ಕೂಗಿತು.

"ಇಲ್ಲೇ, ನಿನ್ನ ಬುಡದಲ್ಲೇ ಇದ್ದೇನೆ," ಎಂದಿತು ಗೋಣಿ.

ಮುಳ್ಳು ಕಂಡು ಓಡಿ ಬಂದ ಮೋನಪ್ಪ ಗೋಣಿಯನ್ನು ಮತ್ತೆ ಸುತ್ತಿ, ತಾನು ಕುಡಿಯಲು ಇಟ್ಟುಕೊಂಡಿದ್ದ ನೀರನ್ನೆಲ್ಲ ಅದರ ಮೇಲೆ ಸುರಿದ. ಮುಳ್ಳು ಇಳಿಯುತ್ತ ಬಂದಂತೆ ಗೋಣಿ ಒಣಗುತ್ತ ಬಂತು.

"ನಿನ್ನ ನೀರೆಲ್ಲ ಎಲ್ಲಿ ಹೋಯಿತು?" ಎಂದು ಸಿಲಿಂಡರು ಕೇಳಿತು.

"ನಿನ್ನ ಬಿಸಿಯನ್ನು ಹೊತ್ತುಕೊಂಡು ಹೋಯಿತು," ಎಂದಿತು ಗೋಣಿ.

ಕಾರು ಓಡಿತು, ಗೆದ್ದಿತು. ಗ್ಯಾಸೆಲ್ಲ ಒಂದೇ ಉಸಿರಿಗೆ ಹೊರಹೋದದ್ದರಿಂದ ಸಿಲಿಂಡರಿನ ಮೈ ಮಂಜುಗಡ್ಡೆಯಂತೆ ತಣ್ಣಗಾಗಿ, ಮೇಲೆಲ್ಲ ನೀರಹನಿ ಮೂಡಿತು; ಒಣಗಿದ್ದ ಗೋಣಿ ಅದನ್ನು ಹೀರತೊಡಗಿತು. ನೋಡಲು ಜನ ಮುತ್ತಿಕೊಂಡರು. ಗೋಣಿ ಅವಸರದಿಂದ ಕೆಳಗೆ ಜಾರಹೊರಟಿತು.

"ಇರು," ಎಂದು ಸಿಲಿಂಡರು ಪಿಸುಗುಟ್ಟಿತು, "ನೀನಿನ್ನೂ ಪೂರ್ತಿ ನೆನೆದಿಲ್ಲ."