ಅಮೃತಶಿಲೆಯ ದೇವದೂತನೂ ಹಲಸಿನ ಮರದ ಮಾತೆಯೂ

ಹಡಗಿನಲ್ಲಿ ಬಂದು ಚರ್ಚಿನಲ್ಲಿ ನೆಲೆಸಿದ್ದ ಅಮೃತಶಿಲೆಯ ದೇವದೂತನ ಪಕ್ಕದಲ್ಲೇ, ಊರ ಆಚಾರಿ ಹಲಸಿನ ಮರದಲ್ಲಿ ಕೆತ್ತಿದ ಮಾತೆ ಮರಿಯಮ್ಮನನ್ನು ತಂದು ನಿಲ್ಲಿಸಿದರು. ದೇವದೂತ ಹೌಹಾರಿದ.

“ಇದೇನಿದು! ಸೀರೆ, ಬಳೆ, ಕಾಲಡಿಯಲ್ಲಿ ಕಮಲ! ಬಾಲಯೇಸುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದೀಯಲ್ಲ! ಯಾರು ನೀನು?”

“ಅವನ ತಾಯಿ,” ಎಂದಳು ಮಾತೆ.

“ಸಾಧ್ಯವೇ ಇಲ್ಲ! ನಿನ್ನ ಮುಂದೆ ಯಾರು ಮೊಣಕಾಲೂರುತ್ತಾರೋ ನೋಡೋಣ.”

ಅಷ್ಟರಲ್ಲಿ ಮುದುಕಿ ಅಂತೋಣಮ್ಮ ಪ್ರಾರ್ಥನೆಗೆ ಬಂದಳು. ಮೊಣಕಾಲೂರಲಿಲ್ಲ. ನೇರ ಮಾತೆಯ ಹತ್ತಿರ ಹೋಗಿ ಅವಳ ಕೆನ್ನೆ ಸವರಿದಳು. “ಮಗೂನ ಎಷ್ಟೊತ್ತಿಂದ ಎತ್ಕೊಂಡಿದ್ದೀಯವ್ವ, ಸೊಂಟ ನೋಯಲ್ವಾ?” ಎಂದು ಕೇಳಿ, ತನ್ನ ಮನೆಯ ಕಷ್ಟವನ್ನೆಲ್ಲ ಹೇಳತೊಡಗಿದಳು.

ದೇವದೂತ ಉದ್ಗರಿಸಿದ:

“ನಲವತ್ತು ವರ್ಷ ದಿನಾ ನನ್ನೆದುರು ಮೊಣಕಾಲೂರಿದವಳು! ಮೂಕಿಯೆಂದೇ ತಿಳಿದಿದ್ದೆನಲ್ಲ!”