ಬಾಳವ್ವನ ಕಾಲಡಿಯ ನೀರು

ಮಠದ ಪೂಜೆಗೆ ಹೊಳೆಯ ನೀರು ತರುವವಳು ಬಾಳವ್ವ. ಮೂವತ್ತು ವರ್ಷ ಕೊಡ ಹೊತ್ತು ನಡೆದೇ ತಂದಳು. ಮೊಣಕಾಲು ಹಿಡಿದುಕೊಂಡ ಮೇಲೆ, ಭಕ್ತರೊಬ್ಬರು ಮಠಕ್ಕೆ ಕೊಟ್ಟ ಕಾರಿನಲ್ಲಿ ತರತೊಡಗಿದಳು.

ಕಾರು ಓಡಿಸುವುದು ಶಿಷ್ಯ ಕಲ್ಮೇಶನ ಸೇವೆ. ದಾರಿಯ ದೂಳು ಅವನಿಗೆ ಆಗದು. ಕಿಟಕಿ ಮುಚ್ಚಿ, ಎ.ಸಿ. ಹಾಕಿಕೊಂಡೇ ಹೋಗುವನು. ಜಪಕ್ಕೆ ಕೂತರೆ ತೂಕಡಿಸುತ್ತಿದ್ದ ಅವನು ಕಾರು ಒರೆಸುವಾಗ ಮಾತ್ರ ಕಣ್ಣು ಮಿಟುಕಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಬಾಳವ್ವ ಕೂರುವ ಕಡೆ ಕಾಲಡಿಯ ಮ್ಯಾಟು ಒದ್ದೆಯಾಗಿತ್ತು.

"ಆಯಿ, ನಿನ್ನ ಕೊಡಾ ಸೋರ್ತೈತಿ," ಎಂದ.

"ಹೊಸಾ ಕೊಡಾ ಐತಿ ತಮ್ಮಾ. ಬಾಯಿಗೆ ಬಟ್ಟಿನೂ ಕಟ್ಟೇನಿ."

"ಹಂಗಾದ್ರ ನೀನ ತುಳುಕಸ್ತಿ. ನಾಳಿಂದ ನಡಕೋತ ಬಾ."

ಬಾಳವ್ವ ವಾದ ಮಾಡಲಿಲ್ಲ. ನಡೆದಳು. ಕಾರು ತನ್ನ ಪಾಡಿಗೆ ದಿನವೂ ಪೇಟೆಗೆ ಹೋಗಿ ಬರುತ್ತಿತ್ತು.

ಐದನೆಯ ದಿನ ಅವಳು ಅರ್ಧ ದಾರಿಯಲ್ಲೇ ಕೂತುಬಿಟ್ಟಳು. ಪೂಜೆ ತಡವಾಯಿತು. ಹೇಗೋ ಎದ್ದು ಬಂದು, ಗುರುಗಳ ಮುಂದೆ ಕೊಡ ಇಳಿಸಿದಳು. ಅವರನ್ನು ಊರೆಲ್ಲ ಅಜ್ಜಾರು ಎನ್ನುತ್ತಿತ್ತು.

"ಅಜ್ಜಾರ, ನಾಳಿಂದ ಬ್ಯಾರೇದವ್ರಿಗೆ ಹೇಳ್ರಿ," ಎಂದಳು.

"ಕಾಲು ನೋಯ್ತಾವೇನವ್ವಾ?"

"ಕಾಲಿಂದು ಇದ್ದದ್ದರೀ. ನೀರು ಚೆಲ್ಲಾಕಿ ಅನಿಸ್ಕೊಂಡು ದೇವರ ಕೊಡಾ ಹ್ಯಾಂಗ ಹಿಡೀಲಿ?"

ಅವಳಿಗೆ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟುಹೋದಳು.

ಅಜ್ಜಾರು ಕಲ್ಮೇಶನನ್ನು ಕರೆದರು. "ಕಾರಿನ್ಯಾಗ ಏನು ಸೋರ್ತದೋ?"

"ಬಾಳವ್ವನ ಕೊಡಾ ಸೋರ್ತಿತ್ರಿ. ಈಗ ನೋಡ್ರಿ, ಒಣಗೇತಿ." ಕಲ್ಮೇಶ ಬಾಗಿಲು ತೆಗೆದು ತೋರಿಸಿದ. ಮ್ಯಾಟು ಒಣಗಿತ್ತು.

ಅಜ್ಜಾರು ತಮ್ಮ ವಿಭೂತಿ ಗಟ್ಟಿಯನ್ನು ಮುರಿದು ಅರ್ಧ ಅವನ ಕೈಗಿಟ್ಟರು.

"ಪುಡಿ ಮಾಡು. ಮ್ಯಾಟಿಗೆ ಹಚ್ಚು. ಮ್ಯಾಲೆ ಡ್ಯಾಶ್‌ಬೋರ್ಡಿನ ಅಡಿಗೂ ಹಚ್ಚು."

"ಅಜ್ಜಾರ, ಇದು ಹಣಿಗೆ ಹಚ್ಚೂದು."

"ನಿನ್ನ ಹಣಿಗೆ ದಿನಾ ಹಚ್ಚೇವಿ. ಇವತ್ತ ಕಾರಿಗೆ ಹಚ್ಚು."

ಕಲ್ಮೇಶ ಹಚ್ಚಿದ.

"ಈಗ ಅಕಿ ಕುಂಡ್ರೂ ಜಾಗಾದಾಗ ನೀ ಕುಂಡ್ರು. ಕೊಡಾ ಬ್ಯಾಡ."

ಅಜ್ಜಾರು ಚಾಲಕನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು, ಎ.ಸಿ. ಹಾಕಿದರು. ಕಾರು ಅಂಗಳದಲ್ಲಿ ನಿಂತಲ್ಲೇ ಗುರುಗುಟ್ಟುತ್ತಿತ್ತು. ಅಜ್ಜಾರು ಕಣ್ಣು ಮುಚ್ಚಿದರು. ಜಪವೋ ನಿದ್ದೆಯೋ, ಕೇಳುವ ಧೈರ್ಯ ಯಾರಿಗೂ ಇಲ್ಲ.

ಸುಮಾರು ಹೊತ್ತಾದ ಮೇಲೆ ಕಲ್ಮೇಶನ ಪಾದದ ಮೇಲೆ ತಣ್ಣಗೆ ಒಂದು ಹನಿ ಬಿತ್ತು.

ಅವನು ಬಗ್ಗಿ ನೋಡಿದ. ಡ್ಯಾಶ್‌ಬೋರ್ಡಿನ ಅಡಿಯ ಬಿಳಿ ವಿಭೂತಿಯಲ್ಲಿ ಒಂದು ಕಪ್ಪು ಗೆರೆ ಇಳಿದಿತ್ತು. ಗೆರೆಯ ತುದಿಯಲ್ಲಿ ಇನ್ನೊಂದು ಹನಿ ತೂಗುತ್ತಿತ್ತು.

"ಬೆರಳಾಗ ತಿಕ್ಕಿ ನೋಡು," ಎಂದರು ಅಜ್ಜಾರು, ಕಣ್ಣು ತೆರೆಯದೆ.

"ಜಾರೂದಿಲ್ರಿ. ಎಣ್ಣಿ ಅಲ್ಲ. ಅಂಟೂದಿಲ್ಲ, ವಾಸನಿನೂ ಇಲ್ಲ. ರೇಡಿಯೇಟರಿಂದೂ ಅಲ್ಲ. ಬರೇ ನೀರು." ಸ್ವಲ್ಪ ತಡೆದು ಹೇಳಿದ: "ಎ.ಸಿ. ನೀರು ಹೊರಗ ಹೋಗೋ ಪೈಪು ಕಟ್ಟಿರಬೇಕ್ರಿ."

ಕಾರು ಬಂದ್ ಮಾಡಿಸಿ, ತಂತಿ ಹಿಡಿದು ಅಡಿಗೆ ನುಸುಳಿದ. ಪೈಪಿನ ಬಾಯಿಂದ ಕಣಜದ ಹುಳು ಕಟ್ಟಿದ ಮಣ್ಣುಗೂಡು ಪುಡಿಯಾಗಿ ಉದುರಿತು. ಹಿಂದೆಯೇ ನೀರು ಸುರಿಯಿತು. ಅಂಗಳದ ಮಣ್ಣು ನೆನೆಯಿತು.

ಕಲ್ಮೇಶ ಎದ್ದು ಬಂದ. ಮುಖದಲ್ಲಿ ಗೆಲುವಿತ್ತು.

"ಸಿಕ್ತ್ರಿ ಅಜ್ಜಾರ. ಎಲ್ಲಾ ಕಣಜ ಮಾಡಿದ್ದು."

"ಅದಕ್ಕೂ ನಡಕೋತ ಬಾ ಅಂತೀಯೇನು?"

ಕಲ್ಮೇಶ ತಲೆ ತಗ್ಗಿಸಿದ.

"ಬಾಳವ್ವ ಕಾರು ಬಿಟ್ಟು ಎಷ್ಟು ದಿನಾ ಆತು?"

"ಐದು ದಿನಾರೀ."

"ಆ ಐದು ದಿನದಾಗ ಮ್ಯಾಟು ಎಷ್ಟು ಸಲ ಒರೆಸಿದಿ?"

ಕಲ್ಮೇಶ ಕೈಯಲ್ಲಿದ್ದ ತಂತಿ ಸುತ್ತತೊಡಗಿದ. ಅವನಿಗೆ ನಾಚಿಕೆಯಾಯಿತು.

"ದಿನಾ ಒದ್ದಿ ಆಗ್ತಿತ್ರಿ, ದಿನಾ ಒರೆಸೇನ್ರಿ. ಇವತ್ತ ಮುಂಜಾನಿನೂ."

"ಹೇಳಲಿಲ್ಲ ಯಾಕ?"

"ಅಕಿಗೆ ನೀನ ತುಳುಕಸ್ತಿ ಅಂದುಬಿಟ್ಟಿದ್ದೆ."

ಅಜ್ಜಾರು ಕಾರಿನಿಂದ ಇಳಿದು ಮಠದ ಕಡೆ ನಡೆದರು. ಕಲ್ಮೇಶ ಹಿಂದೆಯೇ ಬಂದ.

"ಈಗ ಅಕಿ ಮನಿಗೆ ಹೋಗ್ತೀನ್ರಿ. ಪೈಪು ಕಟ್ಟಿತ್ತು, ನಿನ್ನ ತಪ್ಪಲ್ಲ ಅಂತ ಹೇಳಿ, ನಾಳಿಂದ ಕಾರಿನ್ಯಾಗ ಬಾ ಅಂತೀನಿ. ಬರ್ತಾಳಲ್ರಿ?"

ಅಜ್ಜಾರು ಹೊಸ್ತಿಲಲ್ಲಿ ನಿಂತರು.

"ಪೈಪಿನ ಸುದ್ದಿ ಅಕಿಗ್ಯಾಕೋ? ನೀ ಒರೆಸಿದ್ದು ಹೇಳು."